ಮೂರು ಚೆಂಡಿನ ಸ್ಪೈರೋಮೀಟರ್: ಊದಬೇಕೋ, ಎಳೆಯಬೇಕೋ?

ಪ್ರಶ್ನೆ (ಪಾಂಡವಪುರ)
ನಮ್ಮ ತಂದೆಯವರು ಮೂವತ್ತು ವರ್ಷ ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕಿದವರು. ಈಗ 64 ವರ್ಷ. ವೈದ್ಯರು ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಹೇಳಿ ಇನ್‌ಹೇಲರ್ ಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆಯಾಗಿದ್ದ ನಂಟರೊಬ್ಬರು ತಾವು ಉಸಿರಾಟದ ವ್ಯಾಯಾಮಕ್ಕೆ ಬಳಸಿದ ಮೂರು ಚೆಂಡಿನ ಸಾಧನ, ಸ್ಪೈರೋಮೀಟರನ್ನು ತಂದುಕೊಟ್ಟರು. ತಂದೆಯವರು ಜಗಲಿಯಲ್ಲಿ ಕುಳಿತು ಎಷ್ಟು ಊದಿದರೂ ಚೆಂಡು ಅಲುಗುವುದಿಲ್ಲ, ತಲೆ ಮಾತ್ರ ಸುತ್ತುತ್ತದೆ. ಇದರ ಬದಲು ಕಪಾಲಭಾತಿ ಮಾಡಿಸಬಹುದೇ?

ಉತ್ತರ (ಮೈಸೂರು)
ನಾನು ಫಿಸಿಯೋಥೆರಪಿಸ್ಟ್. ಆ ಸಾಧನ ಊದುವುದಕ್ಕಲ್ಲ, ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕೆ. ನೆಟ್ಟಗೆ ಕುಳಿತು, ಉಸಿರು ಹೊರಬಿಟ್ಟು, ನಳಿಕೆಯನ್ನು ತುಟಿಗಳ ನಡುವೆ ಬಿಗಿಯಾಗಿ ಹಿಡಿದು ನಿಧಾನವಾಗಿ ಎಳೆದರೆ ಮೊದಲ ಚೆಂಡು ಏಳುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಕಾಣುವ 600, 900, 1200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಒಳಹೋಗುತ್ತಿದೆ ಎಂಬುದನ್ನು ತೋರಿಸುತ್ತವೆ. ಆದರೆ ಒಬ್ಬರು ಬಾಯಿಗಿಟ್ಟ ನಳಿಕೆಯನ್ನು ಮತ್ತೊಬ್ಬರು ಬಳಸಲೇಬಾರದು, ದಯವಿಟ್ಟು ಅದನ್ನು ಇಂದೇ ತೆಗೆದಿಡಿ.

ಇನ್ನೊಂದು ಮಾತು. ಈ ಸಾಧನವನ್ನು ಹೆಚ್ಚಾಗಿ ಕೊಡುವುದು ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶ ಮುದುಡಿಕೊಳ್ಳದಿರಲೆಂದು. ನಿಮ್ಮ ತಂದೆಯವರ ತೊಂದರೆ ಬೇರೆ: ಕಿರಿದಾದ ಶ್ವಾಸನಾಳಗಳು ಉಸಿರು ಬಿಡುವಾಗ ಬೇಗನೆ ಮುಚ್ಚಿಕೊಳ್ಳುವುದರಿಂದ ಹಳೆಯ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದು, ಬಿಸಿ ಅಂಬಲಿಯನ್ನು ಆರಿಸುವಾಗ ಮೆಲ್ಲಗೆ ಊದುತ್ತೇವಲ್ಲ, ಹಾಗೆ ತುಟಿ ಕೂಡಿಸಿ ನಾಲ್ಕು ಎಣಿಸುವವರೆಗೆ ಬಿಡುವುದನ್ನು ಕಲಿಸಿ. ಕಪಾಲಭಾತಿಯ ರಭಸದ ಉಸಿರಾಟವನ್ನು ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಉತ್ತರ (ಮದ್ದೂರು)
ನಮ್ಮ ತಾಯಿಯವರಿಗೆ ಸೌದೆ ಒಲೆಯ ಹೊಗೆಯಿಂದ ಇದೇ ಕಾಯಿಲೆ ಬಂದಿದೆ. ಹಾಳಾದ ಗಾಳಿಚೀಲಗಳನ್ನು ಯಾವ ವ್ಯಾಯಾಮವೂ ಮೊದಲಿನಂತೆ ಮಾಡದು ಎಂದು ತಿಳಿದಾಗ ನಾನು ಕುಗ್ಗಿಹೋಗಿದ್ದೆ. ಆದರೂ ದಿನವೂ ನಡೆದು, ಭಾರ ಎತ್ತುವಾಗ ಉಸಿರು ಬಿಡುವುದನ್ನು ರೂಢಿಸಿಕೊಂಡ ಮೇಲೆ, ಹಿತ್ತಲಿನಿಂದ ಬಿಂದಿಗೆ ತರುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದವರು ಈಗ ಒಂದೇ ಕಡೆ ನಿಲ್ಲುತ್ತಾರೆ. ಇನ್‌ಹೇಲರನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಅಂಬಲಿಯ ಮಾತು ತಂದೆಯವರಿಗೆ ಕೂಡಲೇ ಅರ್ಥವಾಯಿತು. ಅಕ್ಕಪಕ್ಕದ ಗದ್ದೆಗಳಲ್ಲಿ ಕಬ್ಬಿನ ತರಗು ಸುಡುವ ದಿನ ಕೆಮ್ಮು ಹೆಚ್ಚುತ್ತದೆ. ಅಂದೂ ಅಭ್ಯಾಸ ಮಾಡಬಹುದೇ?

ಉತ್ತರ (ಮೈಸೂರು)
ಮಾಡಬಹುದು, ಆದರೆ ಜಗಲಿಯಲ್ಲಿ ಬೇಡ. ಹೊಗೆ ಬರದ ಒಳಕೋಣೆಯಲ್ಲಿ ಕೂರಿಸಿ. ಏದುಸಿರು ಹೆಚ್ಚಾದರೆ ಅಥವಾ ಕಫದ ಬಣ್ಣ ಬದಲಾದರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.