ತೂಕದ ಚೀಟಿಗಳೆಲ್ಲ 19-01-2038 ಅಂತ ತೋರಿಸುತ್ತಿವೆ, ರೈತರ ಪೇಮೆಂಟ್ ನಿಂತಿದೆ

ಗಂಗಾವತಿ_ಕೋಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ರೈಸ್ ಮಿಲ್‌ಗೆ ಸಣ್ಣ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಭತ್ತದ ಲೋಡ್ ಬಂದಾಗ ವೇಬ್ರಿಡ್ಜ್ ಹತ್ತಿರ ಎಂಟ್ರಿ ಮಾಡುತ್ತಾರೆ. ರೈತರ ಹೆಸರು, ಟ್ರ್ಯಾಕ್ಟರ್ ನಂಬರ್, ತುಂಬಿದ ತೂಕ, ಖಾಲಿ ತೂಕ, 75 ಕೆಜಿ ಲೆಕ್ಕದಲ್ಲಿ ಎಷ್ಟು ಚೀಲ, ಎಷ್ಟು ಹೊತ್ತಿಗೆ ತೂಕ ಆಯಿತು, ಇಷ್ಟೇ. ಕೋಡ್ ಪಿಎಚ್‌ಪಿಯಲ್ಲಿದೆ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಎರಡು ವರ್ಷ ಏನೂ ತೊಂದರೆ ಇರಲಿಲ್ಲ.

ಈ ಸುಗ್ಗಿಗೆ ಒಂದು ಮೊಬೈಲ್ ಆ್ಯಪ್ ಸೇರಿಸಿದೆ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು. ಹುಡುಗರು ಪ್ರತಿ ಸಲ ಕಂಪ್ಯೂಟರ್ ಹತ್ತಿರ ಓಡುವುದು ಬೇಡ, ನಿಂತಲ್ಲೇ ಫೋನ್‌ನಲ್ಲಿ ಹಾಕಲಿ ಅಂತ. ಅವತ್ತಿನಿಂದ ಫೋನ್‌ನಿಂದ ಬಂದ ಪ್ರತಿ ಚೀಟಿಯ ಸಮಯವೂ ಒಂದೇ: 19-01-2038, ಬೆಳಿಗ್ಗೆ 8:44:07. ಒಂದು ಸೆಕೆಂಡೂ ಆಚೆ ಈಚೆ ಇಲ್ಲ. ಕಂಪ್ಯೂಟರ್‌ನಿಂದ ಮಾಡಿದ ಎಂಟ್ರಿಗಳು ಮಾತ್ರ ಸರಿಯಾಗಿವೆ.

ತೂಕ ಆಗಿ 15 ದಿನಕ್ಕೆ ದುಡ್ಡು ಕೊಡುವುದು ಈ ಮಿಲ್‌ನವರ ಪದ್ಧತಿ. ಆ ಪಟ್ಟಿಯನ್ನು ತೆಗೆಯುವುದು ನನ್ನ ಸಾಫ್ಟ್‌ವೇರ್. ಈಗ 412 ಚೀಟಿಗಳ ಪೇಮೆಂಟ್ ದಿನಾಂಕ 3 ಫೆಬ್ರವರಿ 2038 ಆಗಿ ಕೂತಿದೆ, ಹಾಗಾಗಿ ಇವತ್ತಿನ ಪಟ್ಟಿಯಲ್ಲಿ ಆ ರೈತರ ಹೆಸರೇ ಬರುತ್ತಿಲ್ಲ. ನಿನ್ನೆ ಕಾರಟಗಿ ಕಡೆಯ ಒಬ್ಬ ಅಜ್ಜ ಚೀಟಿ ಹಿಡಿದುಕೊಂಡು ಬಂದು ಮಧ್ಯಾಹ್ನದ ತನಕ ಕೂತಿದ್ದರು. "ನಂದಿನ್ನೂ ಬಂದಿಲ್ಲೇನಪ್ಪ?" ಅಂತ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ.

ಟೇಬಲ್‌ನಲ್ಲಿ ಸಮಯ ಇಡುವ ಕಾಲಂ ಇಂಟ್(11), ಅಂದರೆ ಪೂರ್ಣಾಂಕ, ಅಂತ ಇದೆ. 11 ಅಂಕಿಗೆ ಜಾಗ ಇದೆ ಅಲ್ವಾ, ಮತ್ತೆ ಯಾಕೆ ಹೀಗೆ? ಎಲ್ಲೂ ಎರರ್ ಕೂಡ ಬಂದಿಲ್ಲ. ಇಂಟ್(20) ಮಾಡಿಬಿಟ್ಟರೆ ಸರಿಹೋಗುತ್ತದಾ?

ರಾಯಚೂರು_ಬಿಸಿಲು:

ತಮ್ಮಾ, ಆ ದಿನಾಂಕದಲ್ಲೇ ಉತ್ತರ ಇದೆ. ಟೇಬಲ್ ತೆರೆದು ಆ ಕಾಲಂ ನೋಡು, 412 ಸಾಲಿನಲ್ಲೂ 2147483647 ಅಂತಲೇ ಇರುತ್ತದೆ. ಪ್ಲಸ್ ಮೈನಸ್ ಎರಡೂ ಹಿಡಿಯುವ 32 ಬಿಟ್ ಇಂಟಿಜರ್‌ನ ಕೊನೆಯ ಸಂಖ್ಯೆ ಅದು. ನಿನ್ನ ಕಾಲಂನಲ್ಲಿ ಸಮಯ ಇರುವುದು 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಆಯಿತು ಅನ್ನುವ ಲೆಕ್ಕದಲ್ಲಿ. ಅಷ್ಟು ಸೆಕೆಂಡ್ ಎಣಿಸಿದರೆ 2038ರ ಜನವರಿ 19ಕ್ಕೆ ಬಂದು ನಿಲ್ಲುತ್ತದೆ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ 3:14:07ಕ್ಕೆ. ನಮ್ಮ ಐದೂವರೆ ಗಂಟೆ ಸೇರಿಸಿದರೆ ನಿನ್ನ 8:44:07.

ಪಿಎಚ್‌ಪಿಯ ಟೈಮ್ ಫಂಕ್ಷನ್ ಸೆಕೆಂಡ್ ಕೊಡುತ್ತದೆ, ಈಗಿನ ಕಾಲಕ್ಕೆ 10 ಅಂಕಿ. ಜಾವಾಸ್ಕ್ರಿಪ್ಟ್‌ನ ಡೇಟ್ ನೌ ಮಿಲಿಸೆಕೆಂಡ್ ಕೊಡುತ್ತದೆ, 13 ಅಂಕಿ. 2024ರ ಡಿಸೆಂಬರ್ 1, ಬೆಳಿಗ್ಗೆ 10 ಗಂಟೆ ಅನ್ನುವುದು ಸೆಕೆಂಡ್‌ನಲ್ಲಿ 1733027400. ಅದೇ ಹೊತ್ತು ಮಿಲಿಸೆಕೆಂಡ್‌ನಲ್ಲಿ 1733027400000. ಎರಡನೆಯದು ಇಂಟ್‌ನಲ್ಲಿ ಹಿಡಿಯುವ ಮಾತೇ ಇಲ್ಲ. ಹಿಡಿಯದೇ ಇದ್ದದ್ದಕ್ಕೆ ಮೈಎಸ್‌ಕ್ಯೂಎಲ್ ತನ್ನ ಮಿತಿಯ ಕೊನೆಯ ಸಂಖ್ಯೆಯನ್ನು ಬರೆದು ಸುಮ್ನೆ ಮುಂದಕ್ಕೆ ಹೋಗಿದೆ.

ಇಂಟ್(20) ಮಾಡಿದರೆ ಏನೂ ಬದಲಾಗುವುದಿಲ್ಲ. ಆವರಣದಲ್ಲಿರುವ ಸಂಖ್ಯೆ ತೋರಿಸುವಾಗಿನ ಅಗಲ ಮಾತ್ರ. ಇಂಟ್ ಅಂದರೆ 4 ಬೈಟ್, 11 ಬರೆದರೂ 4, 20 ಬರೆದರೂ 4. ಈ ಗೊಂದಲ ತುಂಬಾ ಜನಕ್ಕೆ ಆಗುತ್ತದೆ, ನನಗೂ ಆಗಿತ್ತು. ಕಾಲಂ ಬಿಗ್‌ಇಂಟ್ ಮಾಡು, ಅದು 8 ಬೈಟ್. ಆ್ಯಪ್‌ನಲ್ಲಿ 1000ದಿಂದ ಭಾಗಿಸಿ, ದಶಮಾಂಶ ತೆಗೆದು ಕಳಿಸು.

ಕೊಪ್ಪಳ_ಸರ್ವರ್:

ಬಿಗ್‌ಇಂಟ್ ಯಾಕೆ ಬೇಕು, ಇಂಟ್ ಅನ್‌ಸೈನ್ಡ್ (ಮೈನಸ್ ಹಿಡಿಯದ್ದು) ಮಾಡಿದರೆ 2106ರ ಫೆಬ್ರವರಿ ತನಕ ನಡೆಯುತ್ತದೆ ಅಲ್ವಾ? ಜಾಗವೂ ಉಳಿಯುತ್ತದೆ.

ರಾಯಚೂರು_ಬಿಸಿಲು:

ಸೆಕೆಂಡ್ ಮಾತ್ರ ಬರುತ್ತದೆ ಅಂತ ಗ್ಯಾರಂಟಿ ಇದ್ದರೆ ನಡೆಯುತ್ತದೆ. ಆದರೆ ಇಲ್ಲಿ ಎಡವಿದ್ದೇ ಆ ಗ್ಯಾರಂಟಿಯಲ್ಲಿ. ಅನ್‌ಸೈನ್ಡ್‌ನ ಕೊನೆ 4294967295, ಅದಕ್ಕೂ 13 ಅಂಕಿ ಹಿಡಿಯುವುದಿಲ್ಲ. ಇನ್ನೊಂದು ವಿಷಯ, 1970ಕ್ಕೆ ಹಿಂದಿನ ದಿನಾಂಕಗಳು ಮೈನಸ್‌ನಲ್ಲಿ ಬರುತ್ತವೆ. ನಾಳೆ ಯಾರೋ ಅದೇ ರೀತಿ ರೈತರ ಹುಟ್ಟಿದ ದಿನಾಂಕ ಇಡಲು ಹೋದರೆ 1955ರಲ್ಲಿ ಹುಟ್ಟಿದವರಿಗೆ ಜಾಗವೇ ಇರುವುದಿಲ್ಲ. ಉಳಿಯುವುದು ಸಾಲಿಗೆ 4 ಬೈಟ್. ಹತ್ತು ಲಕ್ಷ ಚೀಟಿ ಆದರೂ 4 ಎಂಬಿ.

ಬಳ್ಳಾರಿ_ಡೇಟಾಬೇಸ್:

ಗಂಗಾವತಿಯವರೇ, ಕಾಲಂ ಬದಲಾಯಿಸುವ ಮೊದಲು ಸ್ವಲ್ಪ ನಿಲ್ಲಿ. ಕಾರಣ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಆದರೆ ಬಿಗ್‌ಇಂಟ್ ಮಾಡಿದ ಮಾತ್ರಕ್ಕೆ ಆ 412 ಚೀಟಿಗಳ ಸಮಯ ವಾಪಸ್ ಬರುವುದಿಲ್ಲ. ನಿಜವಾದ ಸಂಖ್ಯೆ ಟೇಬಲ್ ಒಳಗೆ ಹೋಗಲೇ ಇಲ್ಲ. ರೈತರ ದುಡ್ಡು ನಿಂತಿರುವುದು ಅದಕ್ಕೆ, ಹಾಗಾಗಿ ಮೊದಲು ಆ ಕೆಲಸ ಆಗಬೇಕು.

ಈಗಲೇ ಆ್ಯಪ್‌ನಿಂದ ಎಂಟ್ರಿ ನಿಲ್ಲಿಸಿ. ಎರಡು ದಿನ ಹುಡುಗರು ಕಂಪ್ಯೂಟರ್‌ನಲ್ಲೇ ಹಾಕಲಿ. ಡೇಟಾಬೇಸ್ ಪೂರ್ತಿ ಬ್ಯಾಕಪ್ ತೆಗೆದು ಸರ್ವರ್‌ನಲ್ಲಿ ಬಿಡದೆ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ವೆಬ್ ಸರ್ವರ್‌ನ ಆ್ಯಕ್ಸೆಸ್ ಲಾಗ್‌ಗಳನ್ನು (ಸರ್ವರ್‌ಗೆ ಬಂದ ಪ್ರತಿ ಕೋರಿಕೆಯ ದಾಖಲೆ) ಇವತ್ತೇ ಕಾಪಿ ಮಾಡಿ, ಯಾಕೆಂದರೆ ಹಳೆ ಲಾಗ್ ಕೆಲವು ದಿನಕ್ಕೆ ತಾನೇ ಅಳಿಸಿಹೋಗುವಂತೆ ಹೋಸ್ಟಿಂಗ್‌ನವರು ಇಟ್ಟಿರುತ್ತಾರೆ. ಅದು ಹೋದರೆ ಮತ್ತೆ ಸಿಗುವುದಿಲ್ಲ.

ಆ್ಯಪ್ ಒಂದು ಚೀಟಿ ಕಳಿಸಿದಾಗಲೆಲ್ಲ ಆ ಲಾಗ್‌ನಲ್ಲಿ ಒಂದು ಪೋಸ್ಟ್ ಸಾಲು ಬಿದ್ದಿರುತ್ತದೆ, ಸಮಯದ ಸಮೇತ. ಟೇಬಲ್‌ನಲ್ಲಿ ಆಟೋ ಇನ್‌ಕ್ರಿಮೆಂಟ್ ಐಡಿ (ತಾನಾಗಿಯೇ ಏರುವ ಕ್ರಮಸಂಖ್ಯೆ) ಇದ್ದರೆ ಚೀಟಿಗಳು ಸೇರಿದ ಕ್ರಮ ಗೊತ್ತಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಜೋಡಿಸಿ. ಲಾಗ್‌ನ ಸಮಯದ ಪಕ್ಕ +0530 (ನಮ್ಮ ಸಮಯ) ಇದೆಯಾ, +0000 (ಯುಟಿಸಿ) ಇದೆಯಾ ನೋಡಲು ಮರೆಯಬೇಡಿ. ಸರ್ವರ್ ಯುಟಿಸಿಯಲ್ಲಿದ್ದರೆ ಬೆಳಗಿನ ಜಾವದ ಲೋಡ್‌ಗಳು ಹಿಂದಿನ ದಿನಕ್ಕೆ ಹೋಗಿಬಿಡುತ್ತವೆ, ಪೇಮೆಂಟ್ ದಿನವೂ ಒಂದು ದಿನ ತಪ್ಪುತ್ತದೆ. ಮಧ್ಯೆ ಮಧ್ಯೆ ಕಂಪ್ಯೂಟರ್‌ನಿಂದ ಹಾಕಿದ ಸರಿಯಾದ ಚೀಟಿಗಳೂ ಇರುತ್ತವೆ ಅಲ್ವಾ, ಅವು ನಿಮಗೆ ಗುರುತಿನ ಕಲ್ಲುಗಳು. 1200ನೇ ಐಡಿಗೆ ಸಂಜೆ 4:10, 1206ಕ್ಕೆ 4:50 ಅಂತ ಇದ್ದರೆ ನಡುವಿನ ಐದೂ ಆ ನಲವತ್ತು ನಿಮಿಷದೊಳಗೇ ಸರ್ವರ್‌ಗೆ ಬಂದಿರಬೇಕು.

ಬಿನ್‌ಲಾಗ್ (ಡೇಟಾಬೇಸ್ ತನ್ನಲ್ಲಾದ ಬದಲಾವಣೆಗಳನ್ನು ಬರೆದಿಡುವ ಲಾಗ್) ಚಾಲೂ ಇದೆಯಾ ಕೇಳಿ ನೋಡಿ. ಅದು ಸ್ಟೇಟ್‌ಮೆಂಟ್ ರೀತಿಯಲ್ಲಿದ್ದರೆ ನೀವು ಕಳಿಸಿದ ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಹಾಗೆಯೇ ಇರುತ್ತದೆ, 13 ಅಂಕಿಯ ಸಮೇತ. ರೋ ರೀತಿಯಲ್ಲಿದ್ದರೆ ಅಲ್ಲಿರುವುದೂ ಅದೇ 2147483647, ಉಪಯೋಗವಿಲ್ಲ.

ಎರರ್ ಯಾಕೆ ಬರಲಿಲ್ಲ ಅಂತ ಕೇಳಿದ್ದೀರಿ, ನನಗೆ ಬೇಜಾರಾಗುವುದೇ ಅಲ್ಲಿ. ಸ್ಟ್ರಿಕ್ಟ್ ಮೋಡ್ (ಹಿಡಿಯದ ಸಂಖ್ಯೆ ಬಂದರೆ ಬೇಡ ಅನ್ನುವ ಸೆಟ್ಟಿಂಗ್) ಇದ್ದಿದ್ದರೆ ಮೈಎಸ್‌ಕ್ಯೂಎಲ್ ಮೊದಲ ಚೀಟಿಯನ್ನೇ 1264 ನಂಬರಿನ ಎರರ್ ಕೊಟ್ಟು ವಾಪಸ್ ಕಳಿಸುತ್ತಿತ್ತು. ಹತ್ತು ನಿಮಿಷದಲ್ಲಿ ನಿಮಗೆ ಫೋನ್ ಬರುತ್ತಿತ್ತು, ಒಂದು ಚೀಟಿಯೂ ಹಾಳಾಗುತ್ತಿರಲಿಲ್ಲ. ಮೈಎಸ್‌ಕ್ಯೂಎಲ್ 5.7ರಿಂದ ಈಚೆಗೆ ಅದು ತಾನಾಗಿಯೇ ಚಾಲೂ ಇರುತ್ತದೆ. ಹಳೆ ಕೋಡ್ ಓಡಲಿ ಅಂತ ಯಾರೋ ತೆಗೆದಿರುತ್ತಾರೆ, ಇಲ್ಲವೇ ನಿಮ್ಮ ಕೋಡ್‌ನಲ್ಲಿ ಇನ್ಸರ್ಟ್ ಇಗ್ನೋರ್ ಇರಬೇಕು. ಇಗ್ನೋರ್ ಇದ್ದರೆ ಸ್ಟ್ರಿಕ್ಟ್ ಮೋಡ್‌ನಲ್ಲೂ ಎರರ್ ಬರದೆ ಬರೀ ವಾರ್ನಿಂಗ್ ಆಗುತ್ತದೆ, ಸಂಖ್ಯೆ ಕತ್ತರಿಸಿ ಬರೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಾದರೆ ನೇರವಾಗಿ ಔಟ್ ಆಫ್ ರೇಂಜ್ ಅಂತ ನಿಲ್ಲಿಸಿಬಿಡುತ್ತದೆ.

ಗಂಗಾವತಿ_ಕೋಡ್:

ಮೇಡಂ, ಇನ್ಸರ್ಟ್ ಇಗ್ನೋರ್ ನನ್ನ ಕೋಡ್‌ನಲ್ಲೇ ಇದೆ. ನೆಟ್ ಸರಿ ಇಲ್ಲದಾಗ ಒಂದೇ ಚೀಟಿ ಎರಡು ಸಲ ಬಂದರೆ ಎರರ್ ಬೇಡ ಅಂತ ಹಾಕಿದ್ದೆ. ಆ್ಯಪ್ ನಿಲ್ಲಿಸಿದ್ದೇನೆ, ಬ್ಯಾಕಪ್ ಆಯಿತು. ಆ್ಯಕ್ಸೆಸ್ ಲಾಗ್ 30 ದಿನದ್ದು ಸಿಕ್ಕಿದೆ, +0000 ಅಂತಲೇ ಇದೆ. ಶೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಸರ್ವರ್) ಆದ್ದರಿಂದ ಬಿನ್‌ಲಾಗ್ ಕೊಡುವುದಿಲ್ಲ ಅಂದರು.

ಸಿಂಧನೂರು_ಆಂಡ್ರಾಯ್ಡ್:

ನೆಟ್ ಇಲ್ಲದಾಗ ಅಂದಿರಲ್ಲ, ಅಲ್ಲೇ ಒಂದು ಪ್ರಶ್ನೆ. ಆಗ ಆ್ಯಪ್ ಚೀಟಿಯನ್ನು ಫೋನ್‌ನಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುತ್ತದಾ? ಹಾಗಿದ್ದರೆ ಲಾಗ್‌ನಲ್ಲಿರುವುದು ಕಳಿಸಿದ ಹೊತ್ತು, ತೂಕ ಆದ ಹೊತ್ತಲ್ಲ. ಸಂಜೆ ತೂಕ ಆಗಿ ರಾತ್ರಿ ನೆಟ್ ಬಂದಾಗ ಹೋಗಿರಬಹುದು, ಮರುದಿನವೂ ಹೋಗಿರಬಹುದು. ಇವನ್ನು ಹುಡುಕುವುದು ಕಷ್ಟವಲ್ಲ. ಒಂದು ಟ್ರ್ಯಾಕ್ಟರ್ ವೇಬ್ರಿಡ್ಜ್ ಹತ್ತಿ ಇಳಿಯಲು ನಿಮಿಷಗಳು ಬೇಕು. ಲಾಗ್‌ನಲ್ಲಿ ಎರಡು ಮೂರು ಸೆಕೆಂಡ್ ಒಳಗೆ ಏಳೆಂಟು ಚೀಟಿ ಸಾಲಾಗಿ ಬಿದ್ದಿದ್ದರೆ ಅದು ತಡೆದು ಕಳಿಸಿದ ಗುಂಪು. ಅವನ್ನೆಲ್ಲ ಬೇರೆ ತೆಗೆದಿಡಿ. ಒಂಟಿಯಾಗಿ ತಡವಾಗಿ ಬಂದ ಚೀಟಿಯೂ ಇರಬಹುದು, ಅದು ಹೀಗೆ ಸಿಕ್ಕಿಬೀಳುವುದಿಲ್ಲ, ಹಾಗಾಗಿ ಉಳಿದವುಗಳಲ್ಲೂ ಅಲ್ಲಲ್ಲಿ ಕಾಗದದ ಜೊತೆ ತಾಳೆ ನೋಡಿ. ವೇಬ್ರಿಡ್ಜ್ ಮೆಷಿನ್ ತಾನೇ ಪ್ರಿಂಟ್ ಮಾಡುವ ಚೀಟಿಯ ಕಾರ್ಬನ್ ಕಾಪಿ ಮಿಲ್‌ನಲ್ಲಿ ಇರುತ್ತದೆ ಅಲ್ವಾ, ಅದರ ಮೇಲಿನ ಸಮಯವೇ ಕೊನೆಯ ಸಾಕ್ಷಿ.

ನನಗೂ ಇಂಥದ್ದೇ ಒಂದು ಆಗಿತ್ತು, ಜಾವಾದಲ್ಲಿ. 30 ದಿನ ಆದಮೇಲೆ ನೆನಪಿಸಲಿ ಅಂತ 30, 24, 60, 60, 1000 ಎಲ್ಲ ಗುಣಿಸಿ ಈಗಿನ ಸಮಯಕ್ಕೆ ಕೂಡಿಸಿದ್ದೆ. ಗುಣಲಬ್ಧ 2592000000 ಆಗಬೇಕು, ಇಂಟ್‌ನಲ್ಲಿ ಅದು ಮಗುಚಿ ಮೈನಸ್ 1702967296 ಆಯಿತು. 30 ದಿನ ಮುಂದೆ ಹೋಗಬೇಕಾದದ್ದು ಸುಮಾರು 20 ದಿನ ಹಿಂದಕ್ಕೆ ಹೋಗಿತ್ತು. 24 ದಿನದ ತನಕ ಸರಿ, 25ಕ್ಕೆ ತಪ್ಪು. ಒಂದು ವಾರ ಇಟ್ಟು ಟೆಸ್ಟ್ ಮಾಡಿದ್ದರಿಂದ ಗೊತ್ತೇ ಆಗಲಿಲ್ಲ. 1000ದ ಬಲಕ್ಕೆ ಒಂದು ಎಲ್ ಅಕ್ಷರ ಹಾಕಿ 64 ಬಿಟ್ ಲೆಕ್ಕಕ್ಕೆ ತಂದಮೇಲೆ ಸರಿಯಾಯಿತು.

ಕೊಪ್ಪಳ_ಸರ್ವರ್:

ಹಾಗಾದರೆ ಇಂಟ್ ಗೋಜೇ ಬೇಡ, ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಂ ಹಾಕಿದರೆ ಆಗುವುದಿಲ್ಲವಾ?

ಬಳ್ಳಾರಿ_ಡೇಟಾಬೇಸ್:

ಅದರ ಮಿತಿಯೂ 2038ರ ಜನವರಿ 19. ತೂಕದ ಸಮಯಕ್ಕೆ ಇವತ್ತು ನಡೆಯಬಹುದು, ಆದರೆ ಮುಂದಿನ ದಿನಾಂಕ ಇಡುವ ಕಡೆ ಈಗಲೇ ಮುರಿಯುತ್ತದೆ. ನಿಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಯಂತ್ರಕ್ಕೆ ಜಮೀನು ಲೀಸ್ ಕೊಡುತ್ತಾರಲ್ಲ, 25 ವರ್ಷ ಅಂತ ಇಟ್ಟುಕೊಂಡರೂ ಲೀಸ್ ಮುಗಿಯುವ ದಿನ ಆ ಕಾಲಂನಲ್ಲಿ ಹಿಡಿಯುವುದಿಲ್ಲ. 15 ವರ್ಷದ ಸಾಲದ ಕಂತುಗಳೂ ಅಷ್ಟೇ. 2006ರ ಮೇ ತಿಂಗಳಲ್ಲೇ ಎಒಎಲ್‌ಸರ್ವರ್ ಅನ್ನುವ ವೆಬ್ ಸರ್ವರ್ ಹೀಗೆ ಕೆಟ್ಟಿತ್ತು. ಟೈಮ್‌ಔಟ್ ಎಂದೂ ಆಗಬಾರದು ಅಂತ 100 ಕೋಟಿ ಸೆಕೆಂಡ್ ಹಾಕಿದ್ದರು, ಅವತ್ತಿನ ಸಮಯಕ್ಕೆ ಅದನ್ನು ಕೂಡಿಸಿದಾಗ 2038 ದಾಟಿತು. ಡೇಟ್‌ಟೈಮ್ ಕಾಲಂ ಹಾಕಿ, ಅದು 9999ರ ತನಕ ಹಿಡಿಯುತ್ತದೆ. ಅದರಲ್ಲಿ ಟೈಮ್‌ಜೋನ್ ಇರುವುದಿಲ್ಲ, ಹಾಗಾಗಿ ಎಲ್ಲವನ್ನೂ ಯುಟಿಸಿಯಲ್ಲೇ ಬರೆಯುತ್ತೇವೆ ಅಂತ ಒಮ್ಮೆ ತೀರ್ಮಾನ ಮಾಡಿಕೊಳ್ಳಿ. ಹುಟ್ಟಿದ ದಿನಾಂಕಕ್ಕೆ ಡೇಟ್ ಸಾಕು.

ಗಂಗಾವತಿಯವರೇ, ನೀವು ಬಿಗ್‌ಇಂಟ್‌ನಲ್ಲೇ ಇರುವುದಾದರೆ ಒಂದು ಮಾತು. ಕಾಲಂ ದೊಡ್ಡದಾದಮೇಲೆ ತಪ್ಪಿ ಮಿಲಿಸೆಕೆಂಡ್ ಬಂದರೆ ಅದೂ ಒಳಗೆ ಹೋಗಿ ಕೂರುತ್ತದೆ, ಯಾರೂ ತಡೆಯುವುದಿಲ್ಲ. ಆಗ ಚೀಟಿಯ ಮೇಲೆ 56 ಸಾವಿರ ದಾಟಿದ ಇಸವಿ ಬರುತ್ತದೆ. ಉಲ್ಟಾ ಆದರೆ, ಅಂದರೆ ಸೆಕೆಂಡನ್ನು ಮಿಲಿಸೆಕೆಂಡ್ ಅಂತ ಓದಿದರೆ, 1970ರ ಜನವರಿ 21ರ ಹತ್ತಿರ ಬರುತ್ತದೆ. ಕಾಲಂ ಹೆಸರಲ್ಲೇ ಸೆಕೆಂಡ್ ಅಂತ ಬರೆಯಿರಿ. ಸರ್ವರ್‌ನಲ್ಲಿ ಒಂದು ತಪಾಸಣೆ ಇಡಿ: ತೂಕದ ಸಮಯ ಈಗಿನ ಸಮಯಕ್ಕಿಂತ ಒಂದು ದಿನ ಮುಂದೆ ಇದ್ದರೆ ಎಂಟ್ರಿ ಬೇಡ ಅನ್ನಲಿ. ಸರ್ವರ್‌ಗೆ ತಲುಪಿದ ಸಮಯಕ್ಕೂ ಬೇರೆ ಕಾಲಂ ಇರಲಿ. ಅದೊಂದು ಇದ್ದಿದ್ದರೆ ಇವತ್ತು ಲಾಗ್ ಹುಡುಕುವ ಕೆಲಸವೇ ಬರುತ್ತಿರಲಿಲ್ಲ. ಕಾಲಂ ಬದಲಾಗುವಾಗ ಟೇಬಲ್ ಪೂರ್ತಿ ಕಾಪಿ ಆಗುತ್ತದೆ, ಅಷ್ಟು ಹೊತ್ತು ಹೊಸ ಎಂಟ್ರಿ ಹೋಗುವುದಿಲ್ಲ. ರಾತ್ರಿ ಲೋಡ್ ನಿಂತಮೇಲೆ ಮಾಡಿ.

ಗಂಗಾವತಿ_ಕೋಡ್:

ಎರಡು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ. ಸಿಂಧನೂರಿನವರು ಹೇಳಿದಂತೆ ಗುಂಪಾಗಿ ಬಂದ ಚೀಟಿಗಳು 57 ಇದ್ದವು. ಲಾಗ್ ನಂಬಿದ್ದರೆ ಅದರಲ್ಲಿ 19 ಚೀಟಿಗಳಿಗೆ ತಪ್ಪು ದಿನವೇ ಬೀಳುತ್ತಿತ್ತು. ಮಿಲ್‌ನ ಗುಮಾಸ್ತರು ಮತ್ತು ನಾನು ಕೂತು 57ನ್ನೂ ಕಾರ್ಬನ್ ಕಾಪಿಯಿಂದ ಹಾಕಿದೆವು. ಉಳಿದ 355 ಲಾಗ್‌ನಿಂದ ಬಂದವು. ಅವುಗಳಲ್ಲಿ 40 ಚೀಟಿ ತೆಗೆದು ಕಾಗದದ ಜೊತೆ ನೋಡಿದೆವು, ಎಲ್ಲವೂ ಎರಡು ಮೂರು ನಿಮಿಷದ ಒಳಗೆ ತಾಳೆ ಆದವು. ಕಾಲಂ ಬಿಗ್‌ಇಂಟ್ ಆಗಿದೆ, ಇಗ್ನೋರ್ ತೆಗೆದಿದ್ದೇನೆ. ಚೀಟಿ ಎರಡು ಸಲ ಬಂದರೆ ಆ ಒಂದು ಎರರನ್ನು ಮಾತ್ರ ಕೋಡ್‌ನಲ್ಲಿ ಹಿಡಿಯುತ್ತೇನೆ. ಹೋಸ್ಟಿಂಗ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಮೊದಲೇ ಇತ್ತು, ಕಣ್ಣು ಮುಚ್ಚಿಸಿದ್ದು ಆ ಇಗ್ನೋರ್.

ಕಾರಟಗಿ ಅಜ್ಜನ ಲೋಡ್ ತೂಕ ಆದದ್ದು ನವೆಂಬರ್ 28, ಸಂಜೆ 6:12ಕ್ಕೆ. ಕಾಗದದಲ್ಲೂ ಅದೇ ಇದೆ. ಡಿಸೆಂಬರ್ 13ಕ್ಕೇ ದುಡ್ಡು ಬರಬೇಕಿತ್ತು. ಈಗ ಪಟ್ಟಿಯಲ್ಲಿ ಹೆಸರು ಬಂದಿದೆ, ನಾಳೆ ಬೆಳಿಗ್ಗೆ ಬನ್ನಿ ಅಂತ ಅವರ ಮಗನಿಗೆ ಫೋನ್ ಮಾಡಿದ್ದೇನೆ.