ಊರಿಗೆ ಬಂದರೂ ಓಟ ನಿಂತಿಲ್ಲ, ಏನು ಮಾಡಲಿ?

ತೀರ್ಥಹಳ್ಳಿ ಕಡೆಯವರು ಕೇಳಿದ್ದು:
ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದೇನೆ. ಕಂಪನಿ ಕೆಲಸ ಮನೆಯಿಂದಲೇ, ಜೊತೆಗೆ ಅಪ್ಪನ ಅಡಿಕೆ ತೋಟ. ನಿಧಾನವಾಗಿ ಬದುಕೋಣ ಅಂತ ಬಂದವನಿಗೆ ಈಗ ಎರಡು ಕಡೆಯ ಓಟ. ಬೆಳಗ್ಗೆಯಿಂದ ರಾತ್ರಿವರೆಗೆ ಪುರುಸೊತ್ತಿಲ್ಲ. ಏನು ಮಾಡಿದೆ ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಇದನ್ನು ದಾಟಿದವರು ಇದ್ದೀರಾ?

ಹೊಸನಗರದಿಂದ:
ಇದ್ದೇವೆ ಮಾರಾಯ್ರೆ. ನಾನೂ ತೋಟದ ಜೊತೆ ಲೆಕ್ಕಪತ್ರ ಬರೆಯುವ ಕೆಲಸ ಮಾಡುವವನು. ತಡ ಮಾಡಿದರೆ ಹಾಳಾಗುವ ಕೆಲಸ ಯಾವುದು, ನಾಳೆಗೆ ಬಿಟ್ಟರೂ ನಡೆಯುವುದು ಯಾವುದು, ಮೊದಲು ಇದನ್ನು ಬೇರೆ ಮಾಡಿ.

ಅಡಿಕೆ ಕಾಯಿ ಉದುರಿಸುವ ಕೊಳೆರೋಗದ ಔಷಧಿಯನ್ನೇ ತಗೊಳ್ಳಿ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. ಎರಡನೆಯದರ ಹೊತ್ತಿಗೆ ಜಡಿಮಳೆ. ಮಳೆ ಬಿಟ್ಟು ಹೊಳವಾಗಬೇಕು, ಅವತ್ತೇ ಮರ ಹತ್ತುವ ಕೊನೆಗೌಡನೂ ಸಿಗಬೇಕು (ಎರಡೂ ಕೂಡಿಬಂದರೆ ನಿಮ್ಮ ಪುಣ್ಯ). 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಹದ ನೋಡಲು ಕತ್ತಿಯ ಅಲಗು ಅದ್ದುತ್ತೇವೆ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಆಗ ಕೈಯಲ್ಲಿ ಫೋನ್ ಹಿಡಿದುಕೊಂಡರೆ ಆಗಲ್ಲ.

ಕೊಯ್ಲಿನಲ್ಲೂ ಅಷ್ಟೇ. ಇಳಿಸಿದ ಹಸಿ ಅಡಿಕೆಯನ್ನು ಸುಲಿದು ಬೇಯಿಸಲೇಬೇಕು. ಆದರೆ ಇಂಥ ಕೆಲಸ ವರ್ಷಕ್ಕೆ ಎಷ್ಟಿರುತ್ತವೆ? ಬೇಲಿ, ಸೊಪ್ಪು, ಬ್ಯಾಂಕು, ಅರ್ಧಕ್ಕರ್ಧ ಮೇಲ್, ಇವೆಲ್ಲ ಕಾಯುತ್ತವೆ. ಫೋನಿಗೆ ಬಂದಿದ್ದಕ್ಕೆಲ್ಲ ಅದೇ ಅವಸರ ಹಚ್ಚಿಕೊಂಡರೆ, ನಿಜವಾಗಿ ಅವಸರ ಇರುವ ದಿನ ತಲೆ ನೆಟ್ಟಗಿರುವುದಿಲ್ಲ. ನನಗೆ ಎರಡನೇ ಔಷಧಿಯೂ ಜುಲೈ, ಆದಾಯ ತೆರಿಗೆ ರಿಟರ್ನ್ಸ್ ತುಂಬುವ ಗಡಿಬಿಡಿಯೂ ಜುಲೈ. ಅದಕ್ಕೇ ಗಿರಾಕಿಗಳ ಕಾಗದಪತ್ರ ಜೂನ್ ಮುಗಿಯುವುದರೊಳಗೆ ಕೇಳಿ ಇಟ್ಟುಕೊಳ್ಳುತ್ತೇನೆ. ಕೊಯ್ಲು ಮುಗಿಯುವವರೆಗೆ ಹೊಸ ಗಿರಾಕಿ ಬೇಡ. ಒಂದಿಬ್ಬರು ಬೇರೆಯವರ ಹತ್ತಿರ ಹೋದರು, ಹೋಗಲಿ.

ಶಿವಮೊಗ್ಗ ವಿನೋಬನಗರದಿಂದ:
ಪೊಮೊಡೊರೊ ಮಾಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ, ನಾನೇ ಹೇಳಿಬಿಡುತ್ತೇನೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಉತ್ತರ ಪತ್ರಿಕೆ ತಿದ್ದಲು ಚೆನ್ನಾಗಿದೆ. ಪಾಠದ ತಯಾರಿಗೆ ಬೇಡ. ಆಗ ತಾನೇ ತಲೆ ಓಡಲು ಶುರುವಾಗಿರುತ್ತದೆ, ಅಷ್ಟರಲ್ಲಿ ಗಂಟೆ. ಸುಮ್ನೆ ಕಿರಿಕಿರಿ.

ಸಾಗರದಿಂದ:
ನಾನು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವಳು. ಕೆಮ್ಮಣ್ಣು ಬಳಿದರೆ ಅದು ಒಣಗಬೇಕು. ಬಿಳಿ ಬಣ್ಣಕ್ಕೆ ಅಕ್ಕಿ ನೆನೆದ ಮೇಲೆಯೇ ಅರೆಯುವುದು. ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆ ಅವಸರ ಮಾಡಿದರೆ ದಪ್ಪ ಆಗುತ್ತದೆ, ಅಷ್ಟು ದೂರದಿಂದ ನೋಡಿದರೂ ಗೊತ್ತಾಗುತ್ತದೆ. ಹಾಗಾಗಿ ಒಂದು ಕೆಲಸ ಮುಗಿಯದೆ ಇನ್ನೊಂದು ಒಪ್ಪಿಕೊಳ್ಳುವುದಿಲ್ಲ.

ಹೊಸನಗರದ ಅಣ್ಣ ಹೇಳಿದ್ದು ಸರಿ. ಆದರೆ ನೀವು ನಾಳೆಗೆ ಬಿಟ್ಟ ಕೆಲಸ ಇವತ್ತೇ ಯಾರ ತಲೆಗೆ ಬೀಳುತ್ತದೆ ಅಂತಲೂ ನೋಡಿ. ನೀವು ನಿಧಾನ ಆಗಲು ಮನೆಯಲ್ಲಿ ಅಮ್ಮನೋ ಹೆಂಡತಿಯೋ ಜಾಸ್ತಿ ಓಡುವ ಹಾಗಾದರೆ ಏನು ಬಂತು, ಅಲ್ವಾ? ನಮ್ಮಲ್ಲಿ ನಾನು ಬರೆಯಲು ಕೂತ ದಿನ ಅಡುಗೆ ಮನೆಯವರದ್ದು. ಯಾವತ್ತೂ ಅದೇ ತಿಳಿಸಾರು. ಇರಲಿ.

ತೀರ್ಥಹಳ್ಳಿ ಕಡೆಯವರು:
ಅಕ್ಕ, ತಿಳಿಸಾರು ನನಗೂ ಬರುತ್ತದೆ, ಕಲಿತದ್ದು ಬೆಂಗಳೂರಿನ ರೂಮಿನಲ್ಲಿ. ಅಣ್ಣ, ಮೀಟಿಂಗ್ ಇರುವ ದಿನವೇ ಹೊಳವಾಗಿ ಕೊನೆಗೌಡ ಬಂದು ನಿಂತರೆ?

ಹೊಸನಗರದಿಂದ:
ಜುಲೈನಲ್ಲಿ ಒಂದೆರಡು ದಿನ ಬೆಳಗ್ಗೆ ಎದ್ದ ಮೇಲೆ ರಜೆ ಕೇಳುತ್ತೇನೆ ಅಂತ ಮ್ಯಾನೇಜರ್‌ಗೆ ಈಗಲೇ ಹೇಳಿಡಿ. ಯಾಕೆ ಅಂತ ಕೇಳಿದರೆ ಕೊಳೆ ಬಂದು ಉದುರಿದ ಕಾಯಿಯ ಫೋಟೋ ಕಳಿಸಿ.