1650 ತೆಗೆದು 5070 ಹಾಕಿಸಬೇಕಾ?

ಚನ್ನಗಿರಿ ಹುಡುಗ:
ಅಣ್ಣಂದಿರೇ, ನಮಸ್ಕಾರ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ವಿದ್ಯಾನಗರದಲ್ಲಿ ರೂಮು. ನನ್ನ ಸಿಸ್ಟಮ್ ಐ5 10400 ಪ್ರೊಸೆಸರ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಪವರ್ ಸಪ್ಲೈ. ಮಾನಿಟರ್ ಫುಲ್ ಎಚ್‌ಡಿ, 60 ಹರ್ಟ್ಜ್. ಆಡುವುದು ಜಾಸ್ತಿ ವ್ಯಾಲೊರಂಟ್, ಬೇಜಾರಾದಾಗ ಜಿಟಿಎ 5. ವ್ಯಾಲೊರಂಟ್‌ನಲ್ಲಿ ಫೈಟ್ ಶುರುವಾದ ತಕ್ಷಣ ಜರ್ಕ್ ಹೊಡೆಯುತ್ತೆ. ಆರ್‌ಟಿಎಕ್ಸ್ 5070 ಹಾಕಿಸು, ಐದಾರು ವರ್ಷ ಚಿಂತೆ ಇಲ್ಲ ಅಂತ ರೂಮಿನವರೆಲ್ಲ ಹೇಳುತ್ತಿದ್ದಾರೆ. ಅಡಿಕೆ ಮಾರಿದ ಮೇಲೆ ಕೊಡಿಸುತ್ತೇನೆ ಅಂತ ಅಪ್ಪ ಒಪ್ಪಿದ್ದಾರೆ. ಆದರೂ ಅಷ್ಟು ದುಡ್ಡು ಕೇಳೋಕೆ ಮನಸ್ಸು ಬರುತ್ತಿಲ್ಲ. ನಿಜವಾಗಲೂ ಬೇಕಾ?

ಪಿ.ಜೆ. ಬಡಾವಣೆ ಸಿಸ್ಟಮ್‌ನವರು:
ಬೇಡ ತಮ್ಮಾ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುವಂಥದ್ದು, ಸುಮ್ನೆ ಅದಕ್ಕೆ ಕೈ ಹಾಕಬೇಡ. ಸಿಸ್ಟಮ್ ಜೋಡಿಸುವುದೇ ನನ್ನ ಕೆಲಸ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮಾನಿಟರ್ ನೋಡು. 60 ಹರ್ಟ್ಜ್ ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತದೆ. ಕಾರ್ಡ್ ಸೆಕೆಂಡಿಗೆ 300 ಫ್ರೇಮ್, ಅಂದರೆ ಚಿತ್ರ, ಕೊಟ್ಟರೂ ಪರದೆ ತೋರಿಸುವುದು 60 ಮಾತ್ರ. ಮೌಸ್ ಸ್ವಲ್ಪ ಚುರುಕಾಗಬಹುದು, ಅಷ್ಟೇ. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್, 4ಕೆಯಲ್ಲಿ ಸುಮಾರು 83 ಲಕ್ಷ. ದೊಡ್ಡ ಕಾರ್ಡಿಗೆ ಕೆಲಸ ಇರುವುದು ಅಲ್ಲಿ.

ಇನ್ನು ವ್ಯಾಲೊರಂಟ್. ಅದು ಕಾರ್ಡಿಗಿಂತ ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುವ ಗೇಮ್. ಇವತ್ತು ರಾತ್ರಿ ರೆಸಲ್ಯೂಷನ್ 720ಕ್ಕೆ ಇಳಿಸಿ ಆಡಿ ನೋಡು. ಫ್ರೇಮ್ ಚೆನ್ನಾಗಿ ಏರಿದರೆ ಕಾರ್ಡಿಗೆ ತ್ರಾಣ ಸಾಲುತ್ತಿಲ್ಲ ಅಂತ. ಇದ್ದಲ್ಲೇ ಇದ್ದರೆ ತೊಂದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ. ನನ್ನ ಅನುಮಾನ ಆ ಒಂಟಿ ಸ್ಟಿಕ್ ಮೇಲೆ. ಹಿಂದೆ ಕ್ರೋಮ್, ಡಿಸ್ಕಾರ್ಡ್ ಓಡುತ್ತಿದ್ದರೆ 8 ಜಿಬಿ ತುಂಬಿ ಹೋಗುತ್ತದೆ. ಆಗ ವಿಂಡೋಸ್ ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳುತ್ತದೆ. ಜರ್ಕ್ ಬರುವುದು ಆಗಲೇ.

ಕರೆಂಟಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 1650 ಎಳೆಯುವುದು ಬರೀ 75 ವ್ಯಾಟ್. 5070ಗೆ 250 ವ್ಯಾಟ್ ಬೇಕು. ಕಂಪನಿಯೇ 650 ವ್ಯಾಟ್ ಪವರ್ ಸಪ್ಲೈ ಇರಲಿ ಅನ್ನುತ್ತದೆ, ನಿನ್ನದು 450. ಯುಪಿಎಸ್ ಇದ್ದರೆ ಹಿಂದಗಡೆ ತಿರುಗಿಸಿ ನೋಡು. 600 ವಿಎ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ 360 ವ್ಯಾಟ್ ಅಂತ ಇರುತ್ತದೆ. ಗೇಮ್ ಮಧ್ಯೆ ಕರೆಂಟ್ ಹೋದರೆ ಅಷ್ಟು ಭಾರ ಅದು ತಡೆಯುವುದಿಲ್ಲ, ಸಿಸ್ಟಮ್ ಅಲ್ಲೇ ಆಫ್. ಕಾರ್ಡ್ ಜೊತೆ ಪವರ್ ಸಪ್ಲೈ, ಯುಪಿಎಸ್ ಎರಡೂ ಹೊಸದು ತರಬೇಕಾಗುತ್ತದೆ. ಆ ವ್ಯಾಟ್ ಅಷ್ಟೂ ಬಿಸಿಯಾಗಿ ನಿನ್ನ ರೂಮಿಗೇ ಬರುತ್ತದೆ. ಏಪ್ರಿಲ್‌ನಲ್ಲಿ ನಮ್ಮೂರು ಹೇಗಿರುತ್ತದೆ ಗೊತ್ತಲ್ವಾ.

ದುರ್ಗದವನು:
ಆ ಎರಡು ಗೇಮಿಗೆ ಅಣ್ಣ ಹೇಳಿದ್ದು ಸರಿ. ಆದರೆ 1650 ಮುಂದಕ್ಕೂ ನಡೆಯುತ್ತದೆ ಅಂದುಕೊಳ್ಳಬೇಡಪ್ಪ. ಅದರಲ್ಲಿ ಇರುವುದು 4 ಜಿಬಿ ಮೆಮೊರಿ, ರೇ ಟ್ರೇಸಿಂಗ್ (ಬೆಳಕು ಹರಿಯುವ ದಾರಿ ಲೆಕ್ಕ ಹಾಕಿ ಚಿತ್ರ ಮೂಡಿಸುವುದು) ಹಾರ್ಡ್‌ವೇರ್ ಇಲ್ಲ. 2024ರ ಇಂಡಿಯಾನಾ ಜೋನ್ಸ್, 2025ರ ಡೂಮ್, ಈ ಎರಡು ಗೇಮಿಗೂ ರೇ ಟ್ರೇಸಿಂಗ್ ಇರುವ ಕಾರ್ಡ್ ಬೇಕೇ ಬೇಕು. ನಾನು ಚಿತ್ರದುರ್ಗದಲ್ಲಿ ಆರ್‌ಎಕ್ಸ್ 6600 ಇಟ್ಟುಕೊಂಡಿದ್ದೇನೆ. 2021ರ ಕಾರ್ಡ್, 8 ಜಿಬಿ, 132 ವ್ಯಾಟ್. ಫುಲ್ ಎಚ್‌ಡಿಯಲ್ಲಿ ಸೆಟ್ಟಿಂಗ್ಸ್ ಸ್ವಲ್ಪ ಇಳಿಸಿದರೆ ಸ್ಟೋರಿ ಗೇಮ್‌ಗಳು ಆರಾಮಾಗಿ ಓಡುತ್ತವೆ.

ಪಿ.ಜೆ. ಬಡಾವಣೆ ಸಿಸ್ಟಮ್‌ನವರು:
ಹೌದು, ಸ್ಟೋರಿ ಗೇಮ್ ಆಡುವ ಮನಸ್ಸಿದ್ದರೆ 1650 ಸಾಲದು. ಆಗಲೂ ಮಧ್ಯಮ ಕಾರ್ಡ್ ಸಾಕು. ಒಂದು ಎಚ್ಚರಿಕೆ ಮಾತ್ರ: 5060 ಟಿಐ ಅನ್ನುವ ಒಂದೇ ಹೆಸರಿನಲ್ಲಿ 8 ಜಿಬಿಯದೂ 16 ಜಿಬಿಯದೂ ಇವೆ. ಹೆಸರು ನೋಡಿ ದುಡ್ಡು ಕೊಡಬೇಡ, ಡಬ್ಬಿ ಮೇಲಿನ ಜಿಬಿ ಓದು. ಸೆಕೆಂಡ್ ಹ್ಯಾಂಡ್ ತಗೊಂಡರೆ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಿ ಅಂತ ಕೇಳು. ಒಪ್ಪದವರ ಹತ್ತಿರ ತಗೋಬೇಡ.

ಚನ್ನಗಿರಿ ಹುಡುಗ:
ಅಣ್ಣಾ, 720ಕ್ಕೆ ಇಳಿಸಿ ನೋಡಿದೆ. ಫ್ರೇಮ್ ಏರಲೇ ಇಲ್ಲ! ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಶೇ. 90ರ ಮೇಲೇ ಇತ್ತು. ರ‍್ಯಾಮ್ ಹಾಕಿಸುತ್ತೇನೆ. ಅಪ್ಪನಿಗೂ ಫೋನ್ ಮಾಡಿ ಕಾರ್ಡ್ ಬೇಡ ಅಂದೆ. ಮಿಕ್ಕ ದುಡ್ಡಲ್ಲಿ 144 ಹರ್ಟ್ಜ್ ಮಾನಿಟರ್ ತಗೋಬಹುದಾ?

ಪಿ.ಜೆ. ಬಡಾವಣೆ ಸಿಸ್ಟಮ್‌ನವರು:
ಧಾರಾಳವಾಗಿ ತಗೋ. ವ್ಯಾಲೊರಂಟ್‌ಗೆ 1650 ಜೊತೆ ಅದು ಚೆನ್ನಾಗಿ ಹೊಂದುತ್ತದೆ. ಕೇಬಲ್ ಅನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಹಾಕು. ಆಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಅಂತ ನೀನೇ ಆರಿಸಬೇಕು, ಎಷ್ಟೋ ಸಲ ಅದು 60ರಲ್ಲೇ ಉಳಿದಿರುತ್ತದೆ. ರ‍್ಯಾಮ್ ಡಿಡಿಆರ್4 ಆಗಿರಲಿ, 2666 ಸ್ಪೀಡ್. ಅಂಗಡಿಗೆ ಹೋಗುವಾಗ ಹಳೇ ಸ್ಟಿಕ್ಕನ್ನೂ ಜೇಬಲ್ಲಿ ಇಟ್ಟುಕೊಂಡು ಹೋಗು, ಜೋಡಿ ನೋಡಿ ಕೊಡುತ್ತಾರೆ. ಹಾಕಿಸಿದ ಮೇಲೆ ಜರ್ಕ್ ಹೋಯಿತಾ ಇಲ್ವಾ ಇಲ್ಲೇ ಬರೆ.